ಹಿಂದಿನ ಸಾಲಿನವರಿಗೆ ಸಿಕ್ಕ ರಾಗ

ಮಾನ್ಯ ಸಂಪಾದಕರೇ,

ನಮಸ್ಕಾರ. ನಿಮ್ಮ ಪತ್ರಿಕೆಯಲ್ಲಿ ಸಂಗೀತಕ್ಕೆ ಒಳ್ಳೆಯ ಜಾಗ ಸಿಗುತ್ತದೆ. ಪಿಟೀಲು, ಪಿಯಾನೊ, ಸಿಂಫನಿ, ಆಪೆರಾ ಎಲ್ಲದರ ಬಗ್ಗೆಯೂ ಬರಹಗಳು ಬರುತ್ತವೆ, ನಾನು ಬಿಡದೆ ಓದುತ್ತೇನೆ. ಬ್ಯಾಂಡ್ ಸಂಗೀತದ ಬಗ್ಗೆ ಮಾತ್ರ ಇಷ್ಟು ವರ್ಷದಲ್ಲಿ ಒಂದು ಸಾಲು ಕಂಡ ನೆನಪಿಲ್ಲ. ತಪ್ಪು ನಿಮ್ಮದೊಂದೇ ಅಂತ ಹೇಳುವುದಿಲ್ಲ ಬಿಡಿ. ಬ್ಯಾಂಡ್ ಅಂದ ಕೂಡಲೇ ಜನರ ಕಣ್ಣ ಮುಂದೆ ಬರೋದು ಯೂನಿಫಾರ್ಮು, ಮೆರವಣಿಗೆ, ಕಿವಿ ತೂತಾಗುವ ಸದ್ದು. ಕೂತು ಗಮನ ಇಟ್ಟು ಕೇಳುವ ಸಂಗೀತ ಅದರಲ್ಲೂ ಇದೆ ಅಂತ ಹೇಳಿದರೆ ಎಷ್ಟೋ ಜನ ನಗುತ್ತಾರೆ. ಅವರಿಗೆ ನಾನು ಕೇಳಿಸುವುದು ಒಂದೇ ಕೃತಿ, ಹನ್ನೊಂದು ನಿಮಿಷ ಕೂಡ ದಾಟದ ಒಂದು ಕೃತಿ. ಅದರ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಕೃತಿಯ ಹೆಸರು ‘ಫಸ್ಟ್ ಸೂಟ್ ಇನ್ ಇ ಫ್ಲ್ಯಾಟ್’. ‘ಸೂಟ್’ ಅಂದರೆ ಕೆಲವು ಚಿಕ್ಕ ಭಾಗಗಳ ಮಾಲೆ, ಇದರಲ್ಲಿ ಮೂರು ಭಾಗ; ‘ಇ ಫ್ಲ್ಯಾಟ್’ ಅದರ ಆಧಾರ ಸ್ವರ. ಬರೆದವರು ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್, ಬರೆದ ವರ್ಷ 1909. ‘ದಿ ಪ್ಲಾನೆಟ್ಸ್’ ಅನ್ನುವ ಆರ್ಕೆಸ್ಟ್ರಾ ಕೃತಿ ಬರೆದ ಹೋಲ್ಸ್ಟ್ ಅಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಆದರೆ ಅದು ಶುರುವಾಗಿದ್ದು 1914ರಲ್ಲಿ. ಅದಕ್ಕೆ ಐದು ವರ್ಷ ಮೊದಲು ಈ ಮನುಷ್ಯ ಲಂಡನ್ನಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮತ್ತು ದುಡಿಯುವ ಜನ ಸಂಜೆ ಹೊತ್ತು ಓದಲು ಬರುತ್ತಿದ್ದ ಮಾರ್ಲಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಸಿಕ್ಕ ಬಿಡುವಿನಲ್ಲಿ ಬರೆಯುತ್ತಿದ್ದ ಮೇಷ್ಟ್ರು. ಆಗಿನ್ನೂ ಹೆಸರಿನಲ್ಲಿ ‘ವಾನ್’ ಇತ್ತು, ಗುಸ್ತಾವ್ ವಾನ್ ಹೋಲ್ಸ್ಟ್. ಮೊದಲ ಮಹಾಯುದ್ಧದ ಕೊನೆಗೆ ಆ ಜರ್ಮನ್ ತುಣುಕನ್ನು ಕಿತ್ತು ಹಾಕಿದರು.

ನಾನು ಯೂಫೋನಿಯಂ ನುಡಿಸುತ್ತೇನೆ. ದೊಡ್ಡ ಕಲಾವಿದನೇನಲ್ಲ, ಹವ್ಯಾಸಕ್ಕೆ. ಯೂಫೋನಿಯಂ ಗೊತ್ತಿಲ್ಲದವರಿಗೆ ಹೇಳುವುದಾದರೆ, ಬ್ಯಾಂಡಿನ ದೊಡ್ಡ ಹಿತ್ತಾಳೆ ಊದುವಾದ್ಯ ಟ್ಯೂಬಾ ಇದೆಯಲ್ಲ, ಅದರ ತಮ್ಮ ಅಂದುಕೊಳ್ಳಿ. ಮಡಿಲಲ್ಲಿ ಮಗು ಹಿಡಿದ ಹಾಗೆ ಹಿಡಿದು ನುಡಿಸೋದು. ಹಿಂದಿನ ಸಾಲು ನಮ್ಮದು. ನಮ್ಮ ಪಾಲಿಗೆ ಬರುವುದು ಬಹುಪಾಲು ‘ಉಂ, ಉಂ, ಉಂ’. ಮುಂದೆ ಕೂತ ಕ್ಲಾರಿನೆಟ್ಟು, ಕಾರ್ನೆಟ್ಟುಗಳು ರಾಗ ಹಾಡುತ್ತವೆ, ನಾವು ಹಿಂದಿನಿಂದ ನೆಲ ಗಟ್ಟಿ ಮಾಡುತ್ತೇವೆ. ಜನ ಚಪ್ಪಾಳೆ ಹೊಡೆಯುವಾಗ ಟ್ಯೂಬಾ ಹಿಂದೆ ಮುಖವೂ ಕಾಣಲ್ಲ. ಇದು ದೂರೇನಲ್ಲ, ಅಭ್ಯಾಸ ಆಗಿಹೋಗಿದೆ. ಹಾಗಿರುವಾಗ ಒಂದು ದಿನ ಸ್ಟ್ಯಾಂಡಿನ ಮೇಲೆ ಹೋಲ್ಸ್ಟ್ ಅವರ ಹಾಳೆ ಬಂತು. ನೋಡಿದರೆ, ಮೊದಲ ಸ್ವರವೇ ನಮ್ಮದು! ಇಡೀ ಬ್ಯಾಂಡ್ ಸುಮ್ಮನೆ ಕೂತಿದೆ, ಟ್ಯೂಬಾ ಯೂಫೋನಿಯಂ ಎರಡೇ ಶುರು ಮಾಡಬೇಕು, ಅದೂ ಮೆಲ್ಲಗೆ. ಅವತ್ತು ನನ್ನ ತುಟಿ ಒಣಗಿದ್ದು ಇನ್ನೂ ನೆನಪಿದೆ.

ಮೊದಲ ಭಾಗದ ಹೆಸರು ‘ಷಕೋನ್’. ಬಹಳ ಹಳೆಯ ಕಾಲದ ರೂಪ ಇದು. ಒಂದು ಚಿಕ್ಕ ಧಾಟಿ, ಸಾಮಾನ್ಯವಾಗಿ ಕೆಳಗಿನ ಸ್ವರಗಳಲ್ಲಿ, ಮತ್ತೆ ಮತ್ತೆ ಸುತ್ತುತ್ತಾ ಇರುತ್ತದೆ. ಅದರ ಮೇಲೆ ಉಳಿದದ್ದೆಲ್ಲ ಬದಲಾಗುತ್ತಾ ಹೋಗುತ್ತದೆ. ಬಾಖ್ ಒಂಟಿ ಪಿಟೀಲಿಗೆ ಬರೆದ ಷಕೋನ್ ಜಗತ್ಪ್ರಸಿದ್ಧ. ಇಂಗ್ಲೆಂಡಿನಲ್ಲಿ ಹದಿನೇಳನೇ ಶತಮಾನದ ಸಂಗೀತಕಾರ ಹೆನ್ರಿ ಪರ್ಸೆಲ್ ಹೀಗೆ ಕೆಳಧಾಟಿ ಸುತ್ತಿಸಿ ಹಾಡು ಕಟ್ಟುವುದರಲ್ಲಿ ಎತ್ತಿದ ಕೈ. ಹೋಲ್ಸ್ಟ್‌ಗೆ ಪರ್ಸೆಲ್ ಅಂದರೆ ಪ್ರಾಣ. 1911ರಲ್ಲಿ ಪರ್ಸೆಲ್‌ನ ‘ದಿ ಫೇರಿ ಕ್ವೀನ್’ ಅನ್ನುವ ಸಂಗೀತ ನಾಟಕವನ್ನು ಮಾರ್ಲಿ ಕಾಲೇಜಿನ ತಮ್ಮ ವಿದ್ಯಾರ್ಥಿಗಳಿಂದಲೇ ಹಾಡಿಸಿದರು. ಅದು ಹದಿನೇಳನೇ ಶತಮಾನದ ನಂತರ ಯಾರೂ ಪೂರ್ತಿಯಾಗಿ ಹಾಡಿರದ ಕೃತಿ. ವಾದ್ಯಗಳ ಹಾಳೆಗಳನ್ನು ವಿದ್ಯಾರ್ಥಿಗಳೇ ಕೈಯಲ್ಲಿ ನಕಲು ಮಾಡಿದ್ದರು. ಹಾಗಾಗಿ 1909ರಲ್ಲಿ ಸೈನ್ಯದ ಬ್ಯಾಂಡಿಗೆ ಬರೆಯಲು ಕೂತಾಗ ಈ ಹಳೇ ರೂಪ ಅವರ ಕೈಗೆ ಬಂದದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ.

ಧಾಟಿ 8 ಬಾರ್. ಅಂದರೆ ಮೂರು ಎಣಿಕೆಯ ಎಂಟು ಆವರ್ತ, ಒಟ್ಟು 24 ಎಣಿಕೆ. ನಮ್ಮ ಸ್ವರದ ಲೆಕ್ಕದಲ್ಲಿ ಹೇಳುವುದಾದರೆ, ಇ ಫ್ಲ್ಯಾಟನ್ನು ಸ ಅಂತ ಇಟ್ಟುಕೊಳ್ಳಿ. ಮೊದಲ ಮೂರು ಸ್ವರ ಸ, ರಿ, ದ. ಅಷ್ಟೇ. ಸ-ದಿಂದ ರಿ-ಗೆ ಒಂದು ಚಿಕ್ಕ ಹೆಜ್ಜೆ, ರಿ-ಯಿಂದ ದ-ಗೆ ಒಂದು ದೊಡ್ಡ ನೆಗೆತ. ಆ ನೆಗೆತದ ಅಳತೆ ನೋಡಿ, ಅದು ಸ-ಪ ನಡುವಿನ ಅಂತರವೇ. ಸ-ದಿಂದ ಮೇಲಿನ ಸ-ದ ಅಂತರ ಒಂದು ಬಿಟ್ಟರೆ ಸಂಗೀತದಲ್ಲಿ ಅದಕ್ಕಿಂತ ಗಟ್ಟಿಯಾದ ಅಂತರ ಇನ್ನೊಂದಿಲ್ಲ, ಆದರೆ ಹೋಲ್ಸ್ಟ್ ಅದನ್ನು ಸ-ದಿಂದ ಶುರು ಮಾಡದೆ ರಿ-ಯಿಂದ ಎತ್ತಿದ್ದಾರೆ. ಅದಕ್ಕೇ ಆ ಧಾಟಿ ಗಟ್ಟಿಯಾಗಿಯೂ ಇದೆ, ಎಲ್ಲೋ ಹೊರಟು ನಿಂತ ಹಾಗೂ ಇದೆ. ಸ-ಪ ಅಂತಲೇ ಶುರುವಾಗಿದ್ದರೆ ಅದು ಬರೀ ಕಹಳೆಯ ಕೂಗಾಗಿ ಮುಗಿದು ಹೋಗುತ್ತಿತ್ತು ಅಂತ ನನಗನಿಸುತ್ತದೆ. ಒಮ್ಮೆ ಬಾಯಲ್ಲಿ ಹಾಡಿ ನೋಡಿ, ಸ… ರಿ… ದ… ಅಂತ ನಿಧಾನಕ್ಕೆ. ಈ ಮೂರು ಸ್ವರ ನೆನಪಿಟ್ಟುಕೊಂಡರೆ ಕೃತಿಯ ಅರ್ಧ ಗುಟ್ಟು ನಿಮಗೆ ಸಿಕ್ಕ ಹಾಗೆ.

ನುಡಿಸುವವರ ಕಷ್ಟ ಬೇರೆ. ಆ 24 ಎಣಿಕೆಯನ್ನು ಒಂದೇ ಎಳೆಯಾಗಿ ಎಳೆಯಬೇಕು, ಆದರೆ ಟ್ಯೂಬಾ ಕುಡಿಯುವಷ್ಟು ಉಸಿರನ್ನು ಬೇರೆ ಯಾವ ವಾದ್ಯವೂ ಕುಡಿಯಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದರ ಬಗ್ಗೆ ನಮ್ಮ ಸಾಲಿನಲ್ಲಿ ಜಗಳವೇ ಆಗಿದೆ. ಇಬ್ಬರು ಟ್ಯೂಬಾದವರು ಒಂದೇ ಕಡೆ ಉಸಿರು ಎಳೆದರೆ ರಾಗದಲ್ಲಿ ತೂತು ಬೀಳುತ್ತದೆ, ಬೇರೆ ಬೇರೆ ಕಡೆ ಎಳೆದರೆ ಉಸಿರು ಎಲ್ಲಿ ಮುರಿಯಿತು ಅಂತಲೇ ಗೊತ್ತಾಗಲ್ಲ. ಕೊನೆಗೆ ನಾವು ಮಾಡಿಕೊಂಡದ್ದು ಅದನ್ನೇ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಪಾಳಿಯ ಮೇಲೆ ಉಸಿರಾಡುವುದು. ಇನ್ನು ಶ್ರುತಿ. ಮೇಲೆ ಹೊದಿಕೆ ಇಲ್ಲ, ಮುಚ್ಚಿಡಲು ಯಾರೂ ಇಲ್ಲ. ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಸಭಾಂಗಣದ ಕೊನೆ ಕುರ್ಚಿಯವನಿಗೂ ಕೇಳುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟೋ ಧ್ವನಿಮುದ್ರಣಗಳಲ್ಲಿ ಇದು ನನಗೆ ಕಿರಿಕಿರಿ ಮಾಡುತ್ತದೆ. ಈ ಭಾಗಕ್ಕೆ ಹೋಲ್ಸ್ಟ್ ಕೊಟ್ಟ ನಡೆ ‘ಅಲ್ಲೆಗ್ರೊ ಮಾಡರಾಟೊ’. ಅಂದರೆ ಚುರುಕು, ಆದರೆ ಹದವಾಗಿ. ಕಂಡಕ್ಟರುಗಳಿಗೆ ಟ್ಯೂಬಾ ಕಂಡ ಕೂಡಲೇ ಏನಾಗುತ್ತದೋ, ಶವಯಾತ್ರೆಯ ಹಾಗೆ ಎಳೆಯುತ್ತಾರೆ. ದೊಡ್ಡ ಕೃತಿ ಅಂದರೆ ನಿಧಾನವಾಗಿರಬೇಕು ಅನ್ನುವ ಭ್ರಮೆ ಇರಬೇಕು. ಸುಮ್ನೆ ಬರೆದದ್ದನ್ನು ಬರೆದ ಹಾಗೆ ನುಡಿಸಿ ಸ್ವಾಮಿ! ಷಕೋನ್ ಮೂಲದಲ್ಲಿ ಕುಣಿತ. ಮೂರು ಎಣಿಕೆಯ ಆ ತೂಗು ಸಿಗದಿದ್ದರೆ ಮೇಲೆ ಕಟ್ಟುವುದೆಲ್ಲ ಜಡವಾಗುತ್ತದೆ.

ಸರಿ, ಮೇಲೆ ಏನು ಕಟ್ಟುತ್ತಾರೆ? ಆ ಧಾಟಿ ಒಟ್ಟು 15-16 ಸಲ ಬರುತ್ತದೆ, ನೀವು ಹೇಗೆ ಎಣಿಸುತ್ತೀರಿ ಅನ್ನುವುದರ ಮೇಲೆ. ಮೊದಲು ಉಳಿದ ಬ್ರಾಸ್, ಅಂದರೆ ಹಿತ್ತಾಳೆ ವಾದ್ಯಗಳು ಬಂದು ಸೇರುತ್ತವೆ, ಆಮೇಲೆ ಕ್ಲಾರಿನೆಟ್, ಓಬೋದಂಥ ವುಡ್‌ವಿಂಡ್. ನೋಡುತ್ತಾ ನೋಡುತ್ತಾ ಇಡೀ ಬ್ಯಾಂಡ್ ಎದ್ದು ನಿಲ್ಲುತ್ತದೆ. ಕ್ಲಾರಿನೆಟ್ಟುಗಳು ಮಳೆ ಸುರಿದ ಹಾಗೆ ಚುರುಕು ಸ್ವರಗಳನ್ನು ಸುರಿಯುವಾಗಲೂ ಗಮನ ಕೊಟ್ಟು ಕೇಳಿ, ಕೆಳಗೆ ಅದೇ ಸ, ರಿ, ದ ನಡೆಯುತ್ತಾ ಇರುತ್ತದೆ. ಇಷ್ಟು ಗದ್ದಲ ಆದ ಮೇಲೆ ಇದ್ದಕ್ಕಿದ್ದಂತೆ ಎಲ್ಲ ಖಾಲಿ. ಒಂದು ಹಾರ್ನ್ ಧಾಟಿಯನ್ನು ಎತ್ತಿಕೊಳ್ಳುತ್ತದೆ, ಒಂದೆರಡು ಒಂಟಿ ವಾದ್ಯಗಳು ಅದರ ಸುತ್ತ ತೆಳ್ಳಗೆ ಸುಳಿದಾಡುತ್ತವೆ. ನಲವತ್ತು ಐವತ್ತು ಜನ ವೇದಿಕೆಯಲ್ಲಿದ್ದೂ ಮೂರ್ನಾಲ್ಕು ಜನ ಮಾತ್ರ ಮಾತಾಡುವುದು. ಬ್ಯಾಂಡ್ ಅಂದರೆ ಎಲ್ಲರೂ ಒಟ್ಟಿಗೆ ಊದೋದು ಅಂದುಕೊಂಡವರಿಗೆ ನಾನು ಇದೇ ಜಾಗ ಕೇಳಿಸುತ್ತೇನೆ.

ಇಲ್ಲಿಂದ ಮುಂದೆ ಬರುವುದೇ ನನಗೆ ಇಡೀ ಕೃತಿಯಲ್ಲಿ ಹೆಚ್ಚು ಇಷ್ಟವಾದ ತಿರುವು. ಬಿಸಿಲು ಹೋಗಿ ಮೋಡ ಕವಿದ ಹಾಗೆ ಬೆಳಕಿನ ಮೇಜರ್ ಸ್ವರಶ್ರೇಣಿ ಹೋಗಿ ಮಬ್ಬಿನ ಮೈನರ್ ಆಗುತ್ತದೆ, ಮತ್ತು ಧಾಟಿ ತಲೆಕೆಳಗಾಗುತ್ತದೆ. ಸುಮ್ಮನೆ ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ತಲೆಕೆಳಗು. ಮೊದಲು ಹೆಜ್ಜೆ ಮೇಲಕ್ಕೆ, ನೆಗೆತ ಮೇಲಕ್ಕೆ ಇತ್ತಲ್ಲ, ಈಗ ಹೆಜ್ಜೆ ಕೆಳಕ್ಕೆ, ನೆಗೆತವೂ ಕೆಳಕ್ಕೆ. ನೀರಿನಲ್ಲಿ ಕಂಡ ಮರದ ಹಾಗೆ. ಎರಡು ಸುತ್ತು ಹೀಗೇ ನಡೆಯುತ್ತದೆ. ಮೊದಲ ಸಲ ಕೇಳುವವರಿಗೆ ಇದು ಅದೇ ಧಾಟಿ ಅಂತ ಗೊತ್ತೇ ಆಗಲ್ಲ, ಏನೋ ದುಃಖದ ಹೊಸ ರಾಗ ಬಂತು ಅಂದುಕೊಳ್ಳುತ್ತಾರೆ. ಆದರೆ ಒಳಗೊಳಗೆ ಎಲ್ಲೋ ಪರಿಚಯದ ಮುಖ ಕಂಡ ಹಾಗಾಗುತ್ತದೆ, ಅಲ್ವಾ? ಆಮೇಲೆ ಧಾಟಿ ನೆಟ್ಟಗಾಗುತ್ತದೆ, ಸದ್ದು ಇಷ್ಟಿಷ್ಟೇ ಏರುತ್ತದೆ. ಏರುತ್ತಾ ಏರುತ್ತಾ, ಯಾವ ಧಾಟಿಯನ್ನು ನಾವಿಬ್ಬರೇ ಹಿಂದಿನ ಸಾಲಿನಲ್ಲಿ ಪಿಸುಗುಟ್ಟಿದ್ದೆವೋ ಅದನ್ನು ಇಡೀ ಬ್ಯಾಂಡ್ ಎದೆ ತುಂಬಿ ಹಾಡುತ್ತದೆ. ನಾನು ಇದನ್ನು ಎಷ್ಟು ಸಲ ನುಡಿಸಿದ್ದೇನೋ, ಒಂದು ಸಲವೂ ಮೈ ಜುಮ್ಮೆನ್ನದೆ ಹೋಗಿಲ್ಲ.

ಎರಡನೇ ಭಾಗ ‘ಇಂಟರ್‌ಮೆಟ್ಸೊ’. ಅಷ್ಟು ಭಾರದ ಮೇಲೆ ಇದು ಪುಟಪುಟನೆ ಓಡುವ ಅಳಿಲು. ಎರಡು ಎಣಿಕೆ, ಮೈನರ್, ಸ್ವರಗಳೆಲ್ಲ ಚಿಕ್ಕ ಚಿಕ್ಕದಾಗಿ ಕತ್ತರಿಸಿದ ಹಾಗೆ. ಕಾರ್ನೆಟ್ಟಿನ ಬಾಯಿಗೆ ಸದ್ದು ತಗ್ಗಿಸುವ ಮ್ಯೂಟ್ ಇಟ್ಟು ಓಬೋ ಕ್ಲಾರಿನೆಟ್ಟುಗಳ ಜೊತೆ ಬೆರೆಸಿದ್ದಾರೆ, ಮೂಗಿನಲ್ಲಿ ತಮಾಷೆಯಾಗಿ ಹಾಡಿದ ಹಾಗೆ ಕೇಳುತ್ತದೆ. ಧಾಟಿ? ಮತ್ತೆ ಅದೇ ಮೂರು ಸ್ವರ, ಈ ಸಲ ಮೈನರಿನ ಬಟ್ಟೆ ಹಾಕಿಕೊಂಡು, ಓಡುವ ಕಾಲಿನಲ್ಲಿ. ನಡುವೆ ಕ್ಲಾರಿನೆಟ್ ಒಂದು ಉದ್ದನೆಯ, ಜನಪದ ಹಾಡಿನ ಹಾಗೆ ಕೇಳುವ ರಾಗ ಹಾಡುತ್ತದೆ. ಎಣಿಕೆಯ ವೇಗ ಬದಲಾಗಿಲ್ಲ, ಆದರೂ ಎಲ್ಲ ನಿಧಾನವಾದ ಹಾಗೆ ಅನಿಸುತ್ತದೆ. ಕೊನೆಯಲ್ಲಿ ಓಡುವ ರಾಗ, ಹಾಡುವ ರಾಗ ಎರಡನ್ನೂ ಒಂದರ ಮೇಲೊಂದು ಇಟ್ಟು ಮೆಲ್ಲಗೆ ಮುಗಿಸುತ್ತಾರೆ. ಇದರ ಬಗ್ಗೆ ಜಾಸ್ತಿ ಹೇಳಲ್ಲ. ಯೂಫೋನಿಯಂಗೆ ಇದರಲ್ಲಿ ಅಷ್ಟು ಕೆಲಸವೂ ಇಲ್ಲ, ಕೂತು ಕೇಳುವುದೇ ಸುಖ.

ಮೂರನೆಯದು ‘ಮಾರ್ಚ್’. ಗಲಾಟೆ ಮಾಡಿ ಎಬ್ಬಿಸುವ ಶುರುವಾತು, ಬೇಸ್ ಡ್ರಮ್ಮಿನ ಏಟು, ಆಮೇಲೆ ಬ್ರಾಸ್ ಮಾತ್ರ ಎತ್ತಿಕೊಳ್ಳುವ ಠೀವಿಯ ರಾಗ. ಆ ರಾಗದ ತಲೆ ಏನು ಗೊತ್ತಾ? ಷಕೋನ್ ಧಾಟಿ ತಲೆಕೆಳಗಾಗಿತ್ತಲ್ಲ, ಅದೇ. ಅಲ್ಲಿ ದುಃಖವಾಗಿದ್ದದ್ದು ಇಲ್ಲಿ ಮೀಸೆ ತಿರುವಿಕೊಂಡು ಬರುತ್ತದೆ! ಎರಡನೆಯ ರಾಗ ವುಡ್‌ವಿಂಡಿನದು, ಕೆಳದನಿಯಲ್ಲಿ, ಉದ್ದುದ್ದ, ತುಂಬು ಗಂಭೀರ. ಅದರಲ್ಲಿ ಧಾಟಿ ಮತ್ತೆ ನೆಟ್ಟಗೆ ನಿಂತಿದೆ, ಅದೇ ಹೆಜ್ಜೆ, ಅದೇ ಮೇಲ್ನೆಗೆತ. ಕೊನೆಗೆ ಬ್ರಾಸಿನ ರಾಗ, ವುಡ್‌ವಿಂಡಿನ ರಾಗ ಎರಡೂ ಒಟ್ಟಿಗೆ ಬಂದು ಕೂಡುತ್ತವೆ. ಅಂದರೆ ನೀರಿನಲ್ಲಿನ ಮರ, ದಡದ ಮೇಲಿನ ಮರ ಎರಡೂ ಒಂದೇ ಸಲ ಕಂಡ ಹಾಗೆ. ಕೇಳುವವರಿಗೆ ಇದೆಲ್ಲ ಲೆಕ್ಕ ಬೇಕಿಲ್ಲ, ಕಾಲು ತಾನಾಗಿಯೇ ತಾಳ ಹಾಕುತ್ತದೆ. ಆದರೆ ಒಂದು ಸಲ ಈ ಲೆಕ್ಕ ಗೊತ್ತಾದರೆ ಆಮೇಲೆ ಕೇಳದೆ ಇರಲು ಆಗಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ.

ಹೋಲ್ಸ್ಟ್ ಈ ಕೃತಿಗೆ ಒಂದು ಟಿಪ್ಪಣಿ ಹಾಕಿದ್ದಾರೆ. ಮೂರೂ ಭಾಗ ಒಂದೇ ಧಾಟಿಯ ಮೇಲೆ ನಿಂತಿವೆ, ಹಾಗಾಗಿ ನಡುವೆ ನಿಲ್ಲಿಸದೆ ಪೂರ್ತಿ ನುಡಿಸಿ ಅಂತ ಕೇಳಿಕೊಂಡಿದ್ದಾರೆ. ಅಪ್ಪಣೆ ಮಾಡಿಲ್ಲ, ವಿನಂತಿ ಮಾಡಿದ್ದಾರೆ. ಎಷ್ಟು ಜನ ಕೇಳುತ್ತಾರೆ? ನಾನಿದ್ದ ಒಂದು ಬ್ಯಾಂಡಿನಲ್ಲಿ ಮೂರು ತಿಂಗಳು ಮೂರೂ ಭಾಗ ತಾಲೀಮು ಮಾಡಿದೆವು. ಕಾರ್ಯಕ್ರಮದ ದಿನ ಭಾಷಣಗಳು ಉದ್ದವಾದವು, ಸಮಯ ಇಲ್ಲ ಅಂತ ಮಾರ್ಚ್ ಒಂದನ್ನೇ ನುಡಿಸಿ ಎದ್ದೆವು. ಚಪ್ಪಾಳೆಯೇನೋ ಬಂತು, ಚೆನ್ನಾಗಿಯೇ ಬಂತು. ಆದರೆ ಆ ಜನರಿಗೆ ಎರಡು ರಾಗ ಕೂಡುವಾಗ ಏನು ಕೂಡುತ್ತಿದೆ ಅಂತ ಹೇಗೆ ಗೊತ್ತಾಗಬೇಕು? ಕಥೆಯ ಕೊನೇ ಪುಟ ಮಾತ್ರ ಓದಿ ಹೇಳಿದ ಹಾಗಾಯಿತು. ನಮ್ಮ ಟ್ಯೂಬಾದವರು ಅವತ್ತು ವಾದ್ಯವನ್ನು ಪೆಟ್ಟಿಗೆಗೆ ಹಾಕುವಾಗ ಒಂದು ಮಾತೂ ಆಡಲಿಲ್ಲ. ಮೂರು ತಿಂಗಳು ಉಸಿರಿನ ಗುರುತು ಹಾಕಿಕೊಂಡು ಕಾದದ್ದು ಆ ಮೊದಲ 24 ಎಣಿಕೆಗೆ ತಾನೇ.

ಇನ್ನೊಂದು ಕಡೆ ತಾಲೀಮಿಗೆ ಮುಂಚೆ ಶ್ರುತಿ ಹೊಂದಿಸಿಕೊಳ್ಳಲು ಷಕೋನಿನ ಮೊದಲ ಸುತ್ತುಗಳನ್ನು ನುಡಿಸುತ್ತಾರೆ, ಬಾಯಿ ಬಿಸಿ ಮಾಡಿಕೊಳ್ಳಲಿಕ್ಕೆ. ಇದಕ್ಕೆ ನನ್ನ ವಿರೋಧ ಅಷ್ಟಿಲ್ಲ, ಅದರಿಂದ ಕಿವಿ ತಯಾರಾಗುವುದು ನಿಜ. ಆದರೂ ಏನೋ ಒಂಥರಾ, ದೇವರ ದೀಪದಲ್ಲಿ ಬೀಡಿ ಹಚ್ಚಿದ ಹಾಗೆ.

ಈ ಕೃತಿಗೆ ಇಷ್ಟು ಬೆಲೆ ಯಾಕೆ ಅಂತ ಕೇಳುವವರಿಗೆ ಆ ಕಾಲ ಸ್ವಲ್ಪ ಗೊತ್ತಿರಬೇಕು. ಆಗ ಬ್ರಿಟನ್ನಿನ ಸೈನಿಕ ಬ್ಯಾಂಡುಗಳು ನುಡಿಸುತ್ತಿದ್ದದ್ದು ಹೆಚ್ಚಾಗಿ ಎರವಲು ಸರಕು. ಆಪೆರಾದ ತುಣುಕುಗಳು, ಆರ್ಕೆಸ್ಟ್ರಾ ಕೃತಿಗಳನ್ನು ಊದುವ ವಾದ್ಯಗಳಿಗೆ ಒಗ್ಗಿಸಿದ್ದು, ಜನಪ್ರಿಯ ಹಾಡುಗಳ ಮಾಲೆ, ಮಾರ್ಚುಗಳು. ಪಿಟೀಲಿನ ಸಾಲನ್ನು ಕ್ಲಾರಿನೆಟ್ಟಿಗೆ ಕೊಟ್ಟುಬಿಟ್ಟರೆ ಆಯಿತು ಅನ್ನುವ ಲೆಕ್ಕ. ಬ್ಯಾಂಡ್ ಅಂದರೆ ಬಡವರ ಆರ್ಕೆಸ್ಟ್ರಾ. ಮೇಲಾಗಿ ಒಂದು ಬ್ಯಾಂಡಿನಲ್ಲಿದ್ದ ವಾದ್ಯ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಹೋಲ್ಸ್ಟ್ ಇದಕ್ಕೆ ಜಾಣ ಉಪಾಯ ಮಾಡಿದರು. ತಮ್ಮ ಹಸ್ತಪ್ರತಿಯಲ್ಲಿ ಎಷ್ಟೋ ವಾದ್ಯಗಳ ಪಾಲಿಗೆ ‘ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ’ ಅನ್ನುವ ಗುರುತು ಹಾಕಿದರು. ಚಿಕ್ಕ ಬ್ಯಾಂಡೂ ನುಡಿಸಬಹುದು, ದೊಡ್ಡದೂ ನುಡಿಸಬಹುದು, ಕೃತಿ ಮುರಿಯುವುದಿಲ್ಲ. ಇದು ಮೇಜಿನ ಮುಂದೆ ಕೂತು ಬರೀ ಕಾಗದದ ಮೇಲೆ ಸಂಗೀತ ಕಂಡವರಿಗೆ ಹೊಳೆಯುವ ಮಾತಲ್ಲ.

ಅವರಿಗೆ ಹೊಳೆದದ್ದಕ್ಕೆ ಕಾರಣ ಇದೆ. ಹೋಲ್ಸ್ಟ್ ಸ್ವತಃ ಟ್ರಂಬೋನ್ ನುಡಿಸಿದವರು. ಹುಡುಗನಾಗಿದ್ದಾಗ ಉಬ್ಬಸ ಇತ್ತು, ಊದಿದರೆ ಎದೆ ಗಟ್ಟಿಯಾಗಬಹುದು ಅಂತ ಅಪ್ಪ ಟ್ರಂಬೋನ್ ಕೊಡಿಸಿದರಂತೆ. ಪಿಯಾನೊ ವಾದಕ ಆಗಬೇಕು ಅಂತಿದ್ದ ಕನಸು ಬಲಗೈಯ ನರದ ನೋವಿನಿಂದ ಮುರಿಯಿತು. ಆಮೇಲೆ ಹೊಟ್ಟೆಪಾಡಿಗೆ ಟ್ರಂಬೋನ್ ಹಿಡಿದು ಆಪೆರಾ ಕಂಪನಿಯ ಜೊತೆ ಊರೂರು ಸುತ್ತಿದರು, ಸಮುದ್ರ ತೀರದ ಬ್ಯಾಂಡಿನಲ್ಲಿ ಊದಿದರು. ಹಿಂದಿನ ಸಾಲಿನಲ್ಲಿ ಕೂತು ಎಪ್ಪತ್ತು ಎಂಬತ್ತು ಬಾರ್ ವಿಶ್ರಾಂತಿ ಎಣಿಸುವ ಬೇಜಾರು ಏನು ಅಂತ ಅವರಿಗೆ ಗೊತ್ತಿತ್ತು. ನನ್ನ ಪ್ರಕಾರ ಷಕೋನಿನ ಮೊದಲ ಸುತ್ತು ಟ್ಯೂಬಾ ಯೂಫೋನಿಯಂಗೆ ಸಿಕ್ಕಿದ್ದು ಅಲ್ಲಿಂದಲೇ. ರೂಪದ ನಿಯಮದಂತೆ ಧಾಟಿ ಕೆಳಗೆ ಇರಬೇಕು ನಿಜ. ಆದರೆ ಆ ರೂಪವನ್ನೇ ಯಾಕೆ ಆರಿಸಿಕೊಂಡರು? ಇದು ನನ್ನ ಊಹೆ, ಒಪ್ಪದವರು ಒಪ್ಪದೇ ಇರಲಿ.

ನಡುವೆ ಒಂದು ಮಾತು, ನಮ್ಮ ಓದುಗರಿಗೆ ಇಷ್ಟವಾಗಬಹುದು. ಇದೇ ವರ್ಷಗಳಲ್ಲಿ ಹೋಲ್ಸ್ಟ್ ಸಂಸ್ಕೃತದ ಹುಚ್ಚು ಹಿಡಿಸಿಕೊಂಡಿದ್ದರು. ಆಗ ಸಿಗುತ್ತಿದ್ದ ಇಂಗ್ಲಿಷ್ ಅನುವಾದಗಳು ರುಚಿಸಲಿಲ್ಲ ಅಂತ ಲಂಡನ್ನಿನಲ್ಲೇ ಸಂಸ್ಕೃತ ಪಾಠಕ್ಕೆ ಸೇರಿ, ಋಗ್ವೇದದ ಸೂಕ್ತಗಳನ್ನು ತಾವೇ ಅನುವಾದ ಮಾಡಿ ವೃಂದಗಾನಕ್ಕೆ ಅಳವಡಿಸಿದರು. 1908ರಲ್ಲಿ ‘ಸಾವಿತ್ರಿ’ ಅನ್ನುವ ಚಿಕ್ಕ ಆಪೆರಾ ಬರೆದರು, ನಮ್ಮ ಸತ್ಯವಾನ್ ಸಾವಿತ್ರಿಯ ಕಥೆಯೇ. ಅದಾದ ಮರುವರ್ಷವೇ ಈ ಸೂಟ್. ಹಾಗಂತ ಸೂಟಿನಲ್ಲಿ ಭಾರತ ಹುಡುಕಲು ಹೋಗಬೇಡಿ, ನಾನು ಮೇಲೆ ಸ ರಿ ದ ಅಂದದ್ದು ಬರೀ ನಮಗೆ ಸುಲಭವಾಗಲಿ ಅಂತ. ಇದು ಪೂರ್ತಿ ಇಂಗ್ಲಿಷ್ ಗಾಳಿಯಲ್ಲಿ ಬೆಳೆದ ಗಿಡ.

ಇಷ್ಟೆಲ್ಲ ಇದ್ದೂ ಕೃತಿಯ ಮೊದಲ ದಿನಗಳು ಚೆನ್ನಾಗಿರಲಿಲ್ಲ. 1909ರಲ್ಲಿ ಬರೆದದ್ದು, ದಾಖಲೆಯಲ್ಲಿರುವ ಮೊದಲ ಪ್ರದರ್ಶನ 1920ರ ಜೂನ್ 23ರಂದು, ಲಂಡನ್ನಿನ ಹೊರವಲಯದ ನೆಲ್ಲರ್ ಹಾಲ್‌ನಲ್ಲಿ. ಆಗ ಅಲ್ಲಿ ಸೈನಿಕ ಸಂಗೀತ ಶಾಲೆ ಇತ್ತು. ಅವತ್ತು ನುಡಿಸಿದವರು 165 ಜನ. ಚಿಕ್ಕ ಬ್ಯಾಂಡೂ ನುಡಿಸಲಿ ಅಂತ ಅಷ್ಟು ಯೋಚನೆ ಮಾಡಿ ಬರೆದ ಕೃತಿಗೆ 165 ಜನ! ಮರುವರ್ಷ ಅಚ್ಚಾಯಿತು, ಆದರೆ ವಾದ್ಯಗಳ ಬಿಡಿ ಹಾಳೆಗಳು ಮತ್ತು ಕಂಡಕ್ಟರಿಗೆ ಒಂದು ಸಂಕ್ಷಿಪ್ತ ಹಾಳೆ ಅಷ್ಟೇ. ಎಲ್ಲ ವಾದ್ಯಗಳೂ ಒಂದೇ ಪುಟದಲ್ಲಿ ಕಾಣುವ ಪೂರ್ಣ ಸ್ಕೋರ್ ಬಂದದ್ದು 1948ರಲ್ಲಿ. ಹೋಲ್ಸ್ಟ್ ತೀರಿಕೊಂಡದ್ದು 1934ರಲ್ಲಿ. ಆ 1948ರ ಸ್ಕೋರಿನಲ್ಲಿ ಅಮೆರಿಕದ ಬ್ಯಾಂಡುಗಳ ಅನುಕೂಲಕ್ಕೆ ಅಂತ ಒಂದಷ್ಟು ವಾದ್ಯ ಸೇರಿಸಿದರು. ಎಲ್ಲಾ ಕಡೆ ತುಂಬಿಸಿ ತುಂಬಿಸಿ, ತೆಳ್ಳಗೆ ಇರಬೇಕಾದದ್ದು ದಪ್ಪಗಾಯಿತು. ಕೊನೆಗೆ 1984ರಲ್ಲಿ ಇಂಗ್ಲೆಂಡಿನ ಸಂಗೀತಕಾರ ಕಾಲಿನ್ ಮ್ಯಾಥ್ಯೂಸ್ ಹಸ್ತಪ್ರತಿ ನೋಡಿಕೊಂಡು ತಿದ್ದಿದ ಆವೃತ್ತಿ ಬಂತು. ಹಳೆಯ ಮುದ್ರಣದಿಂದ ನುಡಿಸುವ ಬ್ಯಾಂಡಿಗೂ ಹೊಸದರಿಂದ ನುಡಿಸುವ ಬ್ಯಾಂಡಿಗೂ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಹೊಸದರಲ್ಲಿ ಗಾಳಿಯಾಡುತ್ತದೆ.

ಯಾವುದು ಕೇಳಬೇಕು ಅನ್ನುವವರಿಗೆ ನಾನು ಒಂದೇ ಹೆಸರು ಹೇಳೋದು, ಕಂಡಕ್ಟರ್ ಫ್ರೆಡರಿಕ್ ಫೆನೆಲ್. 1952ರಲ್ಲಿ ಅಮೆರಿಕದ ರಾಚೆಸ್ಟರಿನಲ್ಲಿ ಈಸ್ಟ್‌ಮನ್ ವಿಂಡ್ ಎನ್ಸೆಂಬಲ್ ಅನ್ನುವ ಊದುವಾದ್ಯಗಳ ತಂಡ ಕಟ್ಟಿದವರು. ಒಂದೊಂದು ಪಾಲಿಗೆ ಡಜನ್ ಜನ ಕೂಡಿಸುವ ಬದಲು ಸಾಧ್ಯವಾದಷ್ಟೂ ಒಬ್ಬೊಬ್ಬರೇ ನುಡಿಸಬೇಕು ಅನ್ನುವುದು ಅವರ ಹಟ. ಹೋಲ್ಸ್ಟ್‌ಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಅವರು 1950ರ ದಶಕದಲ್ಲಿ ಒಮ್ಮೆ ಈ ಸೂಟ್ ಧ್ವನಿಮುದ್ರಿಸಿದರು, 1978ರಲ್ಲಿ ಕ್ಲೀವ್‌ಲ್ಯಾಂಡಿನ ವಾದಕರ ಜೊತೆ ಟೆಲಾರ್ಕ್ ಕಂಪನಿಗೆ ಮತ್ತೊಮ್ಮೆ. ಆ ಎರಡನೆಯದು ಅಮೆರಿಕದಲ್ಲಿ ದೊಡ್ಡ ವಾದ್ಯವೃಂದದ ಮೊದಲ ಡಿಜಿಟಲ್ ಧ್ವನಿಮುದ್ರಣಗಳ ಸಾಲಿನದು. ಅದರ ಬೇಸ್ ಡ್ರಮ್ ಎಷ್ಟು ಹೆಸರು ಮಾಡಿತು ಅಂದರೆ, ಸ್ಪೀಕರ್ ಪರೀಕ್ಷೆ ಮಾಡುವವರೆಲ್ಲ ಇದನ್ನೇ ಹಾಕಿ ನೋಡುತ್ತಿದ್ದರು. ಡ್ರಮ್ಮಿಗಾಗಿ ಕೊಂಡವರು ಷಕೋನ್ ಕೇಳಿ ಮೆತ್ತಗಾಗಿರಬೇಕು ಅಂತ ನನಗೆ ಆಸೆ. ಎರಡರಲ್ಲೂ ಫೆನೆಲ್ ಎಳೆಯುವುದಿಲ್ಲ, ಅವಸರ ಮಾಡುವುದೂ ಇಲ್ಲ.

ಹೋಲ್ಸ್ಟ್ 1911ರಲ್ಲಿ ಎರಡನೇ ಸೂಟ್ ಬರೆದರು, ಅದು ಜನಪದ ಧಾಟಿಗಳ ಮೇಲೆ ಕಟ್ಟಿದ್ದು. ಅವರ ಗೆಳೆಯ, ಸಂಗೀತಕಾರ ರಾಲ್ಫ್ ವಾನ್ ವಿಲಿಯಮ್ಸ್ 1923ರಲ್ಲಿ ತಮ್ಮ ಜನಪದ ಹಾಡುಗಳ ಸೂಟನ್ನು ಅದೇ ನೆಲ್ಲರ್ ಹಾಲ್‌ನಲ್ಲಿ ನುಡಿಸಿಸಿದರು. ಜನ ಅವನ್ನು ಹೆಚ್ಚು ಪ್ರೀತಿಸುತ್ತಾರೆ, ಹಾಡು ಬಾಯಲ್ಲಿ ನಿಲ್ಲುತ್ತದಲ್ಲ. ನನಗೂ ಇಷ್ಟ. ಆದರೆ ಅವುಗಳಲ್ಲಿ ಮೊದಲೇ ಚೆನ್ನಾಗಿದ್ದ ಹಾಡನ್ನು ಚೆನ್ನಾಗಿ ಅಲಂಕರಿಸಿದ್ದಾರೆ. ಮೊದಲ ಸೂಟಿನಲ್ಲಿ ಎರವಲು ಏನೂ ಇಲ್ಲ. ಮೂರು ಸ್ವರ ಇಟ್ಟುಕೊಂಡು ಮನೆ ಕಟ್ಟಿದ್ದಾರೆ, ಅಡಿಪಾಯವನ್ನು ನೆಲದಡಿಗೆ ಹೂಳದೆ ಎಲ್ಲರ ಕಣ್ಣ ಮುಂದೆಯೇ ಹಾಕಿದ್ದಾರೆ.

ಸಂಪಾದಕರೇ, ನಿಮ್ಮ ಪುಟದಲ್ಲಿ ಜಾಗ ಕಮ್ಮಿ ಅಂತ ಗೊತ್ತು, ಪತ್ರ ಉದ್ದವಾದರೆ ಕತ್ತರಿ ಆಡುತ್ತದೆ ಅಂತಲೂ ಗೊತ್ತು. ಹೋಲ್ಸ್ಟ್ ಕೇಳಿಕೊಂಡ ಹಾಗೆ ನಾನೂ ಕೇಳಿಕೊಳ್ಳುತ್ತೇನೆ, ಆಗುವುದಾದರೆ ನಡುವೆ ನಿಲ್ಲಿಸದೆ ಹಾಕಿ. ಆಗಲೇ ಇಲ್ಲ ಅಂದರೆ ಸಂಸ್ಕೃತದ ಪ್ಯಾರಾ ತೆಗೆಯಿರಿ, ಟೆಲಾರ್ಕಿನ ಬೇಸ್ ಡ್ರಮ್ ತೆಗೆಯಿರಿ, ಬೀಡಿಯ ಸಾಲನ್ನೂ ತೆಗೆಯಿರಿ. ಟ್ಯೂಬಾದವರ ಉಸಿರಿನ ಪ್ಯಾರಾ ಮಾತ್ರ ಬಿಟ್ಟುಬಿಡಿ. ನಮ್ಮ ಸಾಲಿನವರು ಓದುತ್ತಾರೆ.

ಇತಿ,
ನಿಮ್ಮ ಓದುಗ, ಒಬ್ಬ ಯೂಫೋನಿಯಂ ವಾದಕ